ಒಂದೇ ಟೇಕಿನ ಟಾಲಿವರ್

ತಣ್ಣಗೆ, ಎಡಗೆನ್ನೆಯ ಮೇಲೆ ಒದ್ದೆ ಸ್ಪಂಜು, ಕಿವಿಯ ತನಕ ಹೋಗಿ ಮತ್ತೆ ಮೂಗಿನ ಪಕ್ಕಕ್ಕೆ ಬಂತು — ಕಣ್ಣು ಮುಚ್ಚಿಕೊಂಡರೂ ಗೊತ್ತಾಗುತ್ತದೆ, ಇದು ಎರಡನೆಯ ಡಬ್ಬಿಯ ಮೇಕಪ್ಪು, ಇನ್ನೂ ಗಾಢ, ಗಸ್ ಮೊದಲ ಡಬ್ಬಿ ಬಳಿದು ದೂರ ನಿಂತು ತಲೆ ಓರೆ ಮಾಡಿ ನೋಡಿರಬೇಕು, ಸಾಲದು ಅಂದುಕೊಂಡಿರಬೇಕು, ಇಪ್ಪತ್ತು ವರ್ಷದಿಂದ ಅವನಿಗೆ ಸಾಲದು, ದೇವರು ಲಿಯಾಂಡರ್ ಟಾಲಿವರನಿಗೆ ಬಣ್ಣವನ್ನು ಧಾರಾಳವಾಗಿಯೇ ಕೊಟ್ಟಿದ್ದ, ಜಾರ್ಜಿಯಾದಲ್ಲಿ ಹುಟ್ಟಿದ ದಿನದಿಂದ ಯಾರೂ ಅವನನ್ನು ಬಿಳಿಯನೆಂದು ತಪ್ಪು ತಿಳಿದದ್ದಿಲ್ಲ, ಆದರೆ ಕ್ಯಾಮೆರಾಗೆ ಸಾಲದಂತೆ, ಕ್ಯಾಮೆರಾಗೆ ಬೇಕಾದ್ದು ಕಣ್ಣಿನ ಬಿಳುಪು, ಬಿಳುಪು ಎದ್ದು ಕಾಣಬೇಕಾದರೆ ಸುತ್ತಲೂ ಇದ್ದಿಲಿರಬೇಕು, ಅಲ್ಲಾಡಬೇಡ ಲೀ, ಅನ್ನುತ್ತಾನೆ ಗಸ್, ಒಳ್ಳೆಯ ಮನುಷ್ಯ, ಕೈ ಮೃದು, ಹೆಂಡತಿ ಹೇಗಿದಾಳಪ್ಪ, ಚೆನ್ನಾಗಿದಾಳೆ ಗಸ್, ಮೊಣಕಾಲು ನೋವು ಅಂತಾಳೆ, ಎಲ್ಲರಿಗೂ ಅಷ್ಟೇ ಬಿಡು, ವಯಸ್ಸು — ಹೌದು, ಐವತ್ತೆಂಟು, ಐವತ್ತೆಂಟು ವರ್ಷದ ಮನುಷ್ಯ ಇನ್ನು ಅರ್ಧ ಗಂಟೆಯಲ್ಲಿ ಹಿಟ್ಟಿನ ಪೀಪಾಯಿಯೊಳಗೆ ತಲೆಕೆಳಗಾಗಿ ಹಾರಬೇಕೆಂದು ಸ್ಕ್ರಿಪ್ಟಿನಲ್ಲಿ ಬರೆದಿದೆ, ಹಾರುವುದಿಲ್ಲ, ಇವತ್ತು ಹಾರುವುದಿಲ್ಲ, ಮಾತು ಕೊಟ್ಟಾಗಿದೆ, ಇವತ್ತು ಹೇಳಬೇಕಾದ್ದು ಬೇರೆ, ಹೌದು, ನನಗೂ ಕೇಳಿಸ್ತು, ದೀಪ ಕೊಡು, ನಾನು ಇಳಿದು ನೋಡ್ತೀನಿ, ಇಷ್ಟೇ, ನಾಲ್ಕು ತುಂಡು ಮಾತು, ಮನೆಯಲ್ಲಿ ದಿನಾ ಆಡುವಂಥದು, ಹೌದು, ನನಗೂ ಕೇಳಿಸ್ತು — ಏನು ಗೊಣಗ್ತಿದೀಯಾ, ಪ್ರಾರ್ಥನೆನಾ, ಅಂದು ಗಸ್ ನಗುತ್ತಾನೆ, ನಿನಗೆ ಯಾಕಪ್ಪಾ ಅಭ್ಯಾಸ, ಒಂದೇ ಟೇಕಿನ ಟಾಲಿವರ್‌ಗೆ.

ಒಂದೇ ಟೇಕಿನ ಟಾಲಿವರ್. ಆ ಹೆಸರು ಬಿದ್ದದ್ದು ಮೊದಲ ಚಿತ್ರದಲ್ಲಿ, ಮಾತಾಡುವ ಚಿತ್ರಗಳು ಆಗಷ್ಟೇ ಶುರುವಾಗಿದ್ದ ವರ್ಷ, ದೀಪಗಳ ಬಿಸಿಗೆ ಅಂಗಿಯ ಗಂಜಿ ಕರಗಿ ಕುತ್ತಿಗೆಗೆ ಅಂಟುತ್ತಿತ್ತು, ಬಿಳಿಯ ನಾಯಕ ಹನ್ನೊಂದು ಸಲ ತಪ್ಪಿದ, ಹನ್ನೊಂದು ಸಲವೂ ಅವನಿಗೆ ನೀರು ಕೊಟ್ಟು ಬೆನ್ನು ತಟ್ಟಿದರು, ಆಮೇಲೆ ರೈಲಿನ ಪೋರ್ಟರ್ ಪಾತ್ರದ ಎಜ್ರಾ ಎರಡೇ ಎರಡು ಸಲ ತಪ್ಪಿದ, ಎರಡನೆಯ ಸಲಕ್ಕೆ ಅವನ ಟೋಪಿ ತೆಗೆದು ಲಿಯಾಂಡರನ ತಲೆಗಿಟ್ಟರು, ಟೋಪಿ ಇನ್ನೂ ಬೆಚ್ಚಗಿತ್ತು, ಆವತ್ತೇ ಅರ್ಥವಾಯಿತು, ನಮ್ಮವರಿಗೆ ಎರಡನೆಯ ಸಲ ಅನ್ನುವುದೇ ಇಲ್ಲ, ಸರಿ, ಬೇಡವೇ ಬೇಡ, ಕ್ಲ್ಯಾಪ್ ಹಲಗೆ ಟಪ್ ಅಂದ ಕೂಡಲೇ ಹೇಳಿದ, ಕುಣಿದ, ಮುಗಿಸಿದ, ಕ್ಯಾಮೆರಾದವರೇ ಚಪ್ಪಾಳೆ ಹೊಡೆದರು, ಅಲ್ಲಿಂದ ಎಂಬತ್ತಮೂರು ಚಿತ್ರ, ಒಂದರಲ್ಲೂ ಎರಡನೆಯ ಟೇಕ್ ಕೇಳಿದವನಲ್ಲ, ನಮ್ಮವರ ಸೆಂಟ್ರಲ್ ಅವೆನ್ಯೂದಲ್ಲಿ ಗಾಳಿಗೂ ಗೊತ್ತು ಈ ಸಂಗತಿ, ಕ್ಷೌರದಂಗಡಿಯ ಪರ್ಸಿವಲ್ ಕತ್ತಿ ಎತ್ತಿ ಹಿಡಿದು ಗಿರಾಕಿಗಳಿಗೆ ಹೇಳುತ್ತಾನೆ, ನೋಡ್ರಪ್ಪಾ, ಬಿಳಿಯರು ಹನ್ನೆರಡು ಸಲ ಉಗುಳು ನುಂಗ್ತಾರೆ, ನಮ್ಮ ಲೀ ಒಂದೇ ಏಟಿಗೆ, ನಾನು ಗಡ್ಡ ಕೆರೆದ ಹಾಗೆ, ಆಗ ಮೂಲೆಯಿಂದ ಯಾವನೋ, ಹಂಗಾದ್ರೆ ಅವನ ಮೈಯಲ್ಲೂ ರಕ್ತ ಬರ್ತಿರಬೇಕು ಬಿಡು, ಎಲ್ಲರಿಗೂ ನಗು, ಲಿಯಾಂಡರನೇ ಎಲ್ಲರಿಗಿಂತ ಜೋರಾಗಿ, ಆಗ ಬರುತ್ತಿದ್ದ ನಗು — ಮೇಲೆ ನೋಡು ಲೀ, ರೆಪ್ಪೆ ಕೆಳಗೆ ಬಿಳಿ ಗೆರೆ ಎಳೀಬೇಕು — ಹೂಂ, ಎಳಿ.

ಬಡಗಿಗಳ ಶೆಡ್ಡಿನ ಹಿಂದೆ, ಇವತ್ತು ಮಧ್ಯಾಹ್ನ, ಮರದ ಹೊಟ್ಟಿನ ವಾಸನೆ, ಮಗುಚಿದ ಎರಡು ಪೆಟ್ಟಿಗೆಗಳ ಮೇಲೆ ಅವನು ಮತ್ತು ಕೊರ್ಡೀಲಿಯಾ, ಕ್ಯಾಂಟೀನಿಗೆ ಬರಬೇಡಿ ಅಂತ ಯಾರೂ ಹೇಳುವುದಿಲ್ಲ, ಹೋಗಿ ಕೂತರೆ ಪಕ್ಕದ ಮೇಜು ಖಾಲಿಯಾಗುತ್ತದೆ ಅಷ್ಟೆ, ಅದಕ್ಕೇ ಅವಳು ಮನೆಯಿಂದಲೇ ಹುರಿದ ಕೋಳಿ ಮತ್ತು ಗೆಣಸಿನ ಪೈ ತಂದಿದ್ದಳು, ಇಡೀ ಚಿತ್ರದಲ್ಲಿ ನಮ್ಮವರೆಂದರೆ ಇಬ್ಬರೇ, ದೆವ್ವದ ಮನೆಯ ಅಡುಗೆಭಟ್ಟ ಅವನು, ಕೆಲಸದವಳು ಅವಳು, ಹಳೆಯ ಜೊತೆಗಾರ ಲೂಷಿಯಸ್‌ನ ಮಗಳು, ಲೂಷಿಯಸ್ ಸತ್ತಾಗ ಅವಳಿಗೆ ಎಂಟು ವರ್ಷ, ಈಗ ಇಪ್ಪತ್ತಾರು, ಕೋಳಿ ಕಾಲನ್ನು ಕೈಯಲ್ಲಿ ಹಿಡಿದವಳು ತಿನ್ನದೆ ಹೇಳಿದಳು, ಮಾಮ, ಈ ಸಲ ಬೇಡ. ಏನಮ್ಮ ಬೇಡ? ಮೂಳೆಯೆಲ್ಲಾ ಎದ್ದು ಹೋಯ್ತು ಅನ್ನೋ ಆ ಮಾತು ಬೇಡ, ಆ ಕಣ್ಣು ಬೇಡ, ಪೀಪಾಯಿ ಬೇಡ, ನನ್ನ ಕಿರುಚಾಟ ಬೇಡ. ಅಯ್ಯೋ ಹುಚ್ಚು ಹುಡುಗಿ, ಹಾಗಂದ್ರೆ ಉಳಿಯೋದೇನು ಮತ್ತೆ, ನನ್ನ ಏಪ್ರನ್ನಾ? ಅವಳು ನಗಲಿಲ್ಲ. ಭಾನುವಾರದ ಪಾಠಕ್ಕೆ ಬರೋ ಮಕ್ಕಳು ನಿಮ್ಮ ಮುಖ ಮಾಡ್ತಾರೆ ಮಾಮ, ಹೋದ ವಾರ ಬೈಬಲ್ ಓದೋವಾಗ ಒಬ್ಬ ಕಣ್ಣು ಹಾಗೆ ಹಿಗ್ಗಿಸಿದ, ಎಲ್ಲಾ ನಕ್ರು, ನಾನೂ ನಕ್ಕೆ, ಆಮೇಲೆ ಮನೆಗೆ ಹೋಗಿ ಅತ್ತೆ. ಕೋಪ ಬಂದಿತ್ತು ಅವನಿಗೆ, ಬಾರದೆ ಏನು, ಈಗಿನವರೆಲ್ಲ ಹೀಗೇ, ಪತ್ರಿಕೆಯಲ್ಲಿ ಬರೆಯುವುದೂ ಹೀಗೇ, ಯುದ್ಧಕ್ಕೆ ಹೋಗಿ ಬಂದವರು ಅಂಗಡಿಕಟ್ಟೆಯ ಮೇಲೆ ಕೂತು ಆಡುವುದೂ ಹೀಗೇ, ನೋಡು ಕೊರ್ಡೀಲಿಯಾ, ನಾವು ಆ ಬಾಗಿಲಲ್ಲಿ ಬಗ್ಗಿ ಹೋಗದೆ ಇದ್ದಿದ್ರೆ ಇವತ್ತು ನೀನು ಬರೋಕೆ ಬಾಗಿಲೇ ಇರ್ತಿರಲಿಲ್ಲ ಕಣಮ್ಮ. ಅವಳು ತಣ್ಣಗೆ, ಬಾಗಿಲು ಇದೆ ಮಾಮ, ನಾನು ಇಲ್ಲ ಅನ್ನಲ್ಲ, ಎತ್ತರ ಮಾತ್ರ ಅಷ್ಟೇ ಇದೆ.

ಅವಳಪ್ಪನೇ. ಥೇಟ್ ಅವಳಪ್ಪನೇ, ಆ ಒಣಗಿದ ಧ್ವನಿ, ಮಾತು ಮುಗಿದ ಮೇಲೆ ಮೂಗಿನಿಂದ ಬಿಡುವ ಸಣ್ಣ ಉಸಿರು, ಟಾಲಿವರ್ ಮತ್ತು ಮೇಫೀಲ್ಡ್ ಅಂತ ಹನ್ನೊಂದು ವರ್ಷ ನಾಟಕದ ಡೇರೆ ಡೇರೆ ತಿರುಗಿದ ಹಾಸ್ಯದ ಜೋಡಿ, ಮೇಕನ್, ಬರ್ಮಿಂಗ್‌ಹ್ಯಾಮ್, ಮೆಂಫಿಸ್, ಮಲಗಲು ಜಾಗ ಸಿಗದೆ ರೈಲು ನಿಲ್ದಾಣದ ಬೆಂಚು, ಲೂಷಿಯಸ್ ಒಳ್ಳೆಯ ಕೋಟು ತೊಟ್ಟು ನೆಟ್ಟಗೆ ನಿಂತು ನೆಟ್ಟಗೆ ಮಾತಾಡುವವನು, ಬ್ಯಾಂಕಿನವನ ಹಾಗೆ, ಪಾದ್ರಿಯ ಹಾಗೆ, ಲಿಯಾಂಡರ್ ಅವನ ಸುತ್ತ ಬಿದ್ದು ಎದ್ದು ಹೊರಳುವವನು, ನಾನು ಗೋಡೆ, ನೀನು ಚೆಂಡು, ಗೋಡೆ ಅಲ್ಲಾಡಿದ್ರೆ ಚೆಂಡು ಪುಟಿಯಲ್ಲ, ಅನ್ನುತ್ತಿದ್ದ ಲೂಷಿಯಸ್, ಅವನು ಗಂಭೀರವಾಗಿ ಒಂದು ಮಾತು ಶುರುಮಾಡಿ ಆ ಸಣ್ಣ ಉಸಿರು ಬಿಟ್ಟ ಕೂಡಲೇ ಒಳಗೆ ಲೆಕ್ಕ, ಒಂದು, ಎರಡು, ಎರಡಕ್ಕೆ ಮಂಡಿ ಸಡಿಲ, ಕಣ್ಣು ಹೊರಗೆ, ಡೇರೆಗೆ ಡೇರೆಯೇ ನಗುತ್ತಿತ್ತು, ಕಪ್ಪು ಜನ ನಮ್ಮವರೇ ನಗುತ್ತಿದ್ದರು, ಅದು ಬೇರೆ ನಗು, ಅದರಲ್ಲಿ ನಮ್ಮ ಹೆಂಗಸರ ಕೈಬೀಸಣಿಗೆ ಗಾಳಿಯಿತ್ತು, ಯಜಮಾನನ ಗತ್ತು ಮಾಡುವ ಲೂಷಿಯಸ್‌ನನ್ನು ನೋಡಿಯೂ ನಗುತ್ತಿದ್ದರು, ಇಲ್ಲಿಗೆ ಬಂದ ಮೇಲೆ ಲೂಷಿಯಸ್‌ಗೆ ಕೆಲಸ ಸಿಗಲಿಲ್ಲ, ಒಳ್ಳೆಯ ಕೋಟು ತೊಟ್ಟು ನೆಟ್ಟಗೆ ಮಾತಾಡುವ ಕಪ್ಪು ಮನುಷ್ಯನಿಗೆ ಯಾವ ಚಿತ್ರದಲ್ಲಿ ಜಾಗ, ಅರ್ಧ ಜೋಡಿ ಮಾತ್ರ ಬೇಕಿತ್ತು ಅವರಿಗೆ, ಚೆಂಡು ಸಾಕು, ಗೋಡೆ ನಮ್ಮಲ್ಲೇ ಇದೆ ಅಂದರು, ಲಿಯಾಂಡರ್ ಹೂಂ ಅಂದ, ಅವನೂ ಬೇಕು ಸರ್ ಅಂತ ಒಂದು ಮಾತು — ಒಂದೇ ಒಂದು ಮಾತು ಆಡಬಹುದಿತ್ತು, ಆಡಲಿಲ್ಲ, ಲೂಷಿಯಸ್ ಕ್ಯಾನ್ಸಸ್ ಸಿಟಿಗೆ ಹೋಗಿ ಹೋಟೆಲಿನ ಲಿಫ್ಟ್ ನಡೆಸಿದ, ಅಲ್ಲೇ ಎದೆ ಕೆಟ್ಟು ಸತ್ತ.

ಅದಕ್ಕೇ ಕೊಟ್ಟದ್ದು ಮಾತು. ಅವಳು ಕಾಗದದ ಚೀಲದ ಮೇಲೆ ಪೆನ್ಸಿಲಿನಲ್ಲಿ ಬರೆದು ತೋರಿಸಿದ್ದಳು, ನೋಡಿ ಮಾಮ, ನಾನು ಕಿರುಚಲ್ಲ, ಕೆಳಗೆ ಯಾರೋ ನಡೀತಿದಾರೆ ಅಂತೀನಿ, ನೀವು ಹೌದು, ನನಗೂ ಕೇಳಿಸ್ತು, ದೀಪ ಕೊಡು, ನಾನು ಇಳಿದು ನೋಡ್ತೀನಿ ಅನ್ನಿ, ನಾನು ಹುಷಾರು ಅಂತೀನಿ, ಅಷ್ಟೇ, ಇಬ್ಬರು ಮನುಷ್ಯರು ಆಡೋ ಮಾತು, ಡೈರೆಕ್ಟರ್ ಬ್ರಾಂಟ್ ಮೊದಲ ಸಲ ಬಯ್ತಾನೆ, ಎರಡನೇ ಸಲ ಕೂಗ್ತಾನೆ, ನಾಲ್ಕನೇ ಸಲಕ್ಕೆ ಗಡಿಯಾರ ನೋಡ್ತಾನೆ, ಸಂಜೆ ಐದು ಗಂಟೆಗೆ ಈ ಸೆಟ್ ಬಿಚ್ಚಲೇಬೇಕು, ನಾಳೆ ಇದೇ ಜಾಗದಲ್ಲಿ ನಾಯಕಿ ಕುಣಿಯೋ ಹಜಾರ ಏಳಬೇಕು, ಹಾಳಾಗಿ ಹೋಗ್ಲಿ ಸಾಕು ಅಂತಾನೆ. ನಿನ್ನ ಕಿತ್ತು ಹಾಕಿದ್ರೆ? ನಾನೊಬ್ಬಳೇ ಮಾಡಿದ್ರೆ ಖಂಡಿತಾ ಕಿತ್ತು ಹಾಕ್ತಾರೆ, ಇವತ್ತೇ, ಇನ್ನೊಬ್ಬಳನ್ನ ತಂದು ಇದೇ ಟೋಪಿ ಹಾಕ್ತಾರೆ, ಆದ್ರೆ ನಿಮ್ಮನ್ನ ಇಟ್ಕೊಂಡು ಅರ್ಧ ಚಿತ್ರ ತೆಗೆದಾಗಿದೆ, ನಿಮ್ಮ ತಲೆ ಬದಲಾಯ್ಸೋಕಾಗುತ್ತಾ, ನೀವು ಜೊತೆಗಿದ್ರೆ ಏನೂ ಮಾಡೋಕಾಗಲ್ಲ, ಇರ್ತೀರಾ? ಕೋಳಿ ಎಣ್ಣೆಯ ಕೈಯನ್ನೇ ಚಾಚಿದಳು, ಅವನೂ ಎಣ್ಣೆಗೈಯಲ್ಲೇ ಹಿಡಿದು, ಇರ್ತೀನಿ ಕಣಮ್ಮ, ನಿಮ್ಮಪ್ಪನ ಆಣೆ — ಯಾಕೆ ಬೇಕಿತ್ತು ಅಪ್ಪನ ಆಣೆ, ಬಾಯಿ ಚಪಲ.

ನೆಟ್ಟಗೆ ಮಾತಾಡಲು ಬರುವುದಿಲ್ಲವೆಂದೇನಲ್ಲ, ಮಾಡಿದ್ದಾನೆ, ಒಂದು ಸಲ, ಯುದ್ಧದ ನಡುವೆ, ಮಗನನ್ನು ಸೈನ್ಯಕ್ಕೆ ಕಳಿಸಿ ಬಂದ ತಂದೆ, ಹಿತ್ತಿಲ ಬಾಗಿಲಿಂದ ಒಳಗೆ ಬಂದು ಮೇಜಿನ ಮುಂದೆ ಕೂತು ಹೆಂಡತಿಯ ಜೊತೆ ನಾಲ್ಕು ನಿಮಿಷ ಮಾತಾಡಿ ಎದ್ದು ಮುಂದಿನ ಬಾಗಿಲಿಂದ ಹೋಗುವುದು, ಎರಡನೆಯ ಡಬ್ಬಿ ಇರಲಿಲ್ಲ ಆವತ್ತು, ಗಸ್ ಬರೀ ಬೆವರು ಒರೆಸಿ ಬಿಟ್ಟಿದ್ದ, ಅದೂ ಒಂದೇ ಟೇಕ್, ಮುಗಿದಾಗ ನಗು ಇಲ್ಲ, ಚಪ್ಪಾಳೆ ಇಲ್ಲ, ದೀಪದವನೊಬ್ಬ ಟೋಪಿ ತೆಗೆದಿದ್ದ, ಮೇಕನ್‌ನಲ್ಲಿ ಅಕ್ಕ ಹೆಪ್ಸಿಗೆ ಕಾಗದ ಬರೆದ, ಹೋಗಿ ನೋಡಕ್ಕ, ಅವಳು ಚರ್ಚಿನ ನಲವತ್ತು ಜನರನ್ನು ಕರೆದುಕೊಂಡು, ಭಾನುವಾರದ ಟೋಪಿ ಹಾಕಿಕೊಂಡು, ಟಾಕೀಸಿನ ಪಕ್ಕದ ಮೆಟ್ಟಿಲು ಹತ್ತಿ ನಮ್ಮವರ ಬಾಲ್ಕನಿಯಲ್ಲಿ ಕೂತು ಎರಡು ಗಂಟೆ ಕಾದಳು, ಹೆಸರು ಬಂತು ತಮ್ಮಾ, ನೀನು ಬರಲಿಲ್ಲ, ಅಂತ ಬರೆದಳು. ಫಿಲ್ಮಿಗೆ ಕತ್ತರಿ ಹಾಕುವ ಮುದುಕ ಆಮೇಲೊಮ್ಮೆ ಸಿಗರೇಟು ಸೇದುತ್ತಾ ಹೇಳಿದ, ನಿನಗೆ ಗೊತ್ತಿಲ್ವಾ ಲೀ, ನಿಮ್ಮವರ ಗಂಭೀರ ದೃಶ್ಯ ಎಲ್ಲಾ ಬಾಗಿಲಿಂದ ಬಾಗಿಲಿಗೆ ತೆಗೀತೀವಿ, ದಕ್ಷಿಣದ ಟಾಕೀಸಿನವರು ಬೇಡ ಅಂದ್ರೆ ಎರಡು ಕಡೆ ಕತ್ತರಿ, ಕಥೆಗೆ ಒಂದು ಗೀರೂ ಬೀಳಲ್ಲ, ನಗಿಸೋದನ್ನ ಮಾತ್ರ ಯಾರೂ ಕತ್ತರಿಸಲ್ಲ ನೋಡು, ಅದು ಎಲ್ಲಾ ಊರಿಗೂ ಹೋಗುತ್ತೆ. ಆ ರಾತ್ರಿಯಿಂದ ತಾನೇ ಕಣ್ಣನ್ನು ಇನ್ನೂ ಅರ್ಧ ಬೆರಳು ಹೊರಗೆ ತಂದದ್ದು, ಎಲ್ಲಾ ಊರಿಗೂ ಹೋಗಲಿ ಅಂತ, ಹೆಂಡತಿ ಒಡೆಸ್ಸಾ ಮಾತ್ರ ಒಲೆಯ ಕಡೆ ಮುಖ ಮಾಡಿಕೊಂಡೇ, ನೀನು ಏನಾದ್ರೂ ಮಾಡ್ಕೋ ಲಿಯಾಂಡರ್, ಆ ಮುಖಾನ ಗೇಟಿನ ಒಳಗೆ ತರಬೇಡ, ನಾನು ಮದುವೆಯಾದದ್ದು ಅದನ್ನಲ್ಲ — ಟಾಲಿವರ್, ಮೇಫೀಲ್ಡ್, ಸೆಟ್ಟಿಗೆ ಬನ್ನಿ, ಹೊರಗೆ ಯಾರೋ ಕೂಗುತ್ತಾರೆ, ಗಸ್ ಕೊರಳ ಬಟ್ಟೆ ಎಳೆದು ಜಾಡಿಸುತ್ತಾನೆ, ಹೋಗು ಲೀ, ಹೋಗಿ ಹೊಟ್ಟೆ ಹುಣ್ಣಾಗಿಸು.

ಮೂರು ಗೋಡೆಯ ಉಗ್ರಾಣ, ನಾಲ್ಕನೆಯ ಗೋಡೆಯಿರಬೇಕಾದ ಕಡೆ ನಲವತ್ತು ಬಿಳಿಯ ಮುಖ, ಬ್ರಾಂಟ್ ಕುರ್ಚಿಯಲ್ಲಿ ಕಾಲಮೇಲೆ ಕಾಲು, ಏನಂಕಲ್, ನಮ್ಮನ್ನ ಬೇಗ ಮನೆಗೆ ಕಳಿಸ್ತೀಯಾ ತಾನೆ, ಅಂಕಲ್ ಅನ್ನುತ್ತಾನೆ, ಅವನ ತಂದೆಗೆ ಇಂಥ ತಮ್ಮನಿದ್ದಾನೆಂದು ಅವನ ಅಜ್ಜಿಗೆ ಗೊತ್ತೇ, ನಗು ಬರುತ್ತದೆ, ಒಳ್ಳೆಯದು, ಧೈರ್ಯವಿದೆ ಅಂತಾಯಿತು, ಹೌದು, ನನಗೂ ಕೇಳಿಸ್ತು, ದೀಪ ಕೊಡು, ಕೊರ್ಡೀಲಿಯಾ ತಟ್ಟೆ ಹಿಡಿದು ನಿಂತಿದ್ದಾಳೆ, ಅವಳು ಅವನ ಕಡೆ ನೋಡಿ ಒಂದೇ ಒಂದು ಸಲ ರೆಪ್ಪೆ ಮುಚ್ಚಿ ತೆಗೆಯುತ್ತಾಳೆ, ಇದ್ದೀನಿ ಕಣಮ್ಮ, ಇದ್ದೀನಿ, ಪೀಪಾಯಿ ಎಡಕ್ಕೆ, ಅದರ ಕಡೆ ನೋಡಲೇಬಾರದು, ಕಾಲು ನೆಲಕ್ಕೆ ಊರಿದೆ, ಮಂಡಿ ಗಟ್ಟಿಯಿದೆ, ಹೆಪ್ಸಿ ಬಾಲ್ಕನಿಯಲ್ಲಿದ್ದಾಳೆ ಅಂದುಕೋ, ದೀಪ ಉರಿದವು, ಬಿಸಿ, ಸದ್ದು ಮಾಡಬೇಡಿ, ಹಲಗೆ ಟಪ್, ನೆಲದಡಿಯಲ್ಲಿ ಯಾರೋ ಸರಪಣಿ ಎಳೆದರು, ಕೊರ್ಡೀಲಿಯಾ ಕಿರುಚಲಿಲ್ಲ, ತಟ್ಟೆಯನ್ನು ಮೆಲ್ಲಗೆ ಇಟ್ಟಳು, ನೆಟ್ಟಗೆ ನಿಂತಳು, ಕೆಳಗೆ ಯಾರೋ ನಡೀತಿದಾರೆ, ಅಂದಳು, ಒಣಗಿದ ಧ್ವನಿ, ಪಾದ್ರಿಯ ಹಾಗೆ, ಬ್ಯಾಂಕಿನವನ ಹಾಗೆ, ಅಷ್ಟು ಚೆನ್ನಾಗಿ, ಅಷ್ಟು ಸರಿಯಾಗಿ, ಮತ್ತು ಮೂಗಿನಿಂದ ಆ ಸಣ್ಣ ಉಸಿರು ಬಿಟ್ಟಳು — ಒಂದು, ಎರಡು —

ಅಯ್ಯಯ್ಯೋ ದೊರೇಏಏ, ನನ್ ಮೈಯಾಗಿನ್ ಮೂಳೆಯೆಲ್ಲಾ ಎದ್ದು ಮನೆಗ್ ಓದ್ವು ದೊರೇಏಏ, ಯಾರ ಬಾಯಿ ಇದು, ಮಂಡಿ ಯಾವಾಗ ಸಡಿಲವಾಯಿತು, ಕಣ್ಣು ಗುಡ್ಡೆ ಸಮೇತ ಹೊರಗೆ, ಕೈ ಗಾಳಿಯಲ್ಲಿ, ಎಡಕ್ಕೆ ಮೂರು ಹೆಜ್ಜೆ ಅಳೆದಂತೆ, ಮೈ ಹಾರಿತು, ಐವತ್ತೆಂಟರ ಮೈ ಇಪ್ಪತ್ತರ ಹಾಗೆ ಹಾರಿತು, ಹಿಟ್ಟು ಬುಸ್ ಅಂತ ಎದ್ದಿತು, ತಲೆ ಎತ್ತಿ ಒಂದು ಅಕ್ಷೀ, ಲೆಕ್ಕದ ಸೀನು, ನಲವತ್ತು ಜನ ಒಟ್ಟಿಗೆ ಬಿದ್ದು ಬಿದ್ದು ನಗುತ್ತಿದ್ದಾರೆ, ಹಿಟ್ಟಿನ ಧೂಳು ಇಳಿಯುತ್ತಿದೆ, ಇಳಿಯುವ ಧೂಳಿನ ಆಚೆ ಕೊರ್ಡೀಲಿಯಾ, ನಿಂತಲ್ಲೇ, ಬಾಯಿ ಅರ್ಧ ತೆರೆದಿದೆ, ಹುಷಾರು ಅನ್ನಲು ತೆರೆದ ಬಾಯಿ. ಓಕೆ, ಇದೇ ಪ್ರಿಂಟಿಗೆ ಹೋಗ್ಲಿ, ಬ್ರಾಂಟ್ ತೊಡೆ ತಟ್ಟಿಕೊಂಡು ಏಳುತ್ತಾನೆ, ಏ ಹುಡುಗಿ, ನೀನು ಕಿರುಚಲಿಲ್ಲ, ಪರವಾಗಿಲ್ಲ, ಇದೇ ಚೆನ್ನಾಯ್ತು, ನೀನು ಕಲ್ಲಿನ ಹಾಗೆ ನಿಂತಿದ್ದಕ್ಕೇ ಇವನದು ಎರಡರಷ್ಟು ನಗು, ಯಾರಿಗೆ ಹೊಳೀತು ಇದು, ಅಂಕಲ್, ನಿನಗಾ, ಭಲೇ ಜೋಡಿ, ಮುಂದಿನ ಚಿತ್ರಕ್ಕೂ ಇವರಿಬ್ಬರನ್ನ ಹೀಗೇ ಇಡ್ರಪ್ಪಾ. ಇಲ್ಲ, ತಡಿ, ಇಲ್ಲ, ಪೀಪಾಯಿಯ ಅಂಚು ಹಿಡಿದು ಲಿಯಾಂಡರ್ ಜೀವನದಲ್ಲೇ ಕೇಳದ್ದನ್ನು ಕೇಳಿದ, ಇನ್ನೊಂದು ಟೇಕ್ ಮಾಡೋಣ, ಅಂತ ಕೇಳಬೇಕೆಂದು ಬಾಯಿ ತೆರೆದ, ಬಂದದ್ದು, ಇನ್ನೊಂದ್ ಸಲಾ ಮಾಡಾನ ದೊರೇಏಏ — ಆ ಬಾಯಿ ಇನ್ನೂ ಮುಚ್ಚಿರಲಿಲ್ಲ, ಆ ನಾಲಗೆ ಇನ್ನೂ ಇಳಿದಿರಲಿಲ್ಲ, ಮತ್ತೆ ನಲವತ್ತು ಜನ ನಕ್ಕರು, ಮೊದಲಿಗಿಂತ ಜೋರಾಗಿ, ಬ್ರಾಂಟ್ ಕಣ್ಣೊರೆಸಿಕೊಂಡು, ಸಾಕು ಮಾರಾಯ, ಸಾಯಿಸ್ತೀಯಾ, ಒಂದೇ ಟೇಕಿನ ಟಾಲಿವರ್ ಇನ್ನೊಂದು ಕೇಳ್ತಾನಂತೆ ಕೇಳ್ರೋ, ದೀಪಗಳು ಒಂದೊಂದಾಗಿ ಆರಿದವು, ಬಡಗಿಗಳು ಸುತ್ತಿಗೆ ಹಿಡಿದು ಬಂದರು, ಉಗ್ರಾಣದ ಒಂದು ಗೋಡೆ ಅವನು ಪೀಪಾಯಿಯೊಳಗಿದ್ದಾಗಲೇ ನಡೆದುಕೊಂಡು ಹೊರಗೆ ಹೋಯಿತು, ಕೊರ್ಡೀಲಿಯಾ ಹತ್ತಿರ ಬಂದಳು, ಏಪ್ರನ್ನಿನ ತುದಿಯಿಂದ ಅವನ ಕಿವಿಯೊಳಗಿನ ಹಿಟ್ಟು ಒರೆಸಿದಳು, ಬಯ್ಯಮ್ಮ, ಬಯ್ದುಬಿಡು, ಬಯ್ಯಲಿಲ್ಲ, ಅಪ್ಪ ಹೇಳ್ತಿದ್ರು ಮಾಮ, ನಿಮ್ಮೆದುರು ನಿಂತ್ರೆ ಒಂದು ಮಾತೂ ಪೂರ್ತಿ ಮಾಡೋಕಾಗಲ್ಲ ಅಂತ, ಅಷ್ಟೇ ಅಂದು ಅವನ ಕೈ ಹಿಡಿದು ಪೀಪಾಯಿಯಿಂದ ಇಳಿಸಿದಳು, ಹುಷಾರು ಅನ್ನಬಹುದಿತ್ತು ಆಗ, ಇಳಿಯುವವರಿಗೆ ಯಾರಾದರೂ ಅನ್ನುವಂಥದು, ಅನ್ನಲಿಲ್ಲ.

ಟ್ರಾಮು, ಕಿಟಕಿ, ಸಂಜೆಯ ಬಿಸಿಲು ಸೆಂಟ್ರಲ್ ಅವೆನ್ಯೂದ ಮೇಲೆ ಅಡ್ಡಕ್ಕೆ ಬಿದ್ದಿದೆ, ಯಾರೋ ಹೆಂಗಸು ಗುರುತು ಹಿಡಿದು ಪಕ್ಕದವಳ ಪಕ್ಕೆ ತಿವಿದಳು, ಅವನೇ ಕಣೇ, ಅವನೇ, ಹಲ್ಲೋ ಮಿಸ್ಟರ್ ಟಾಲಿವರ್, ಟೋಪಿ ಎತ್ತಿದ, ಟೋಪಿಯೊಳಗಿಂದ ಹಿಟ್ಟು ಉದುರಿತು, ಉದುರುವ ಹಿಟ್ಟಿನ ಆಚೆ ಅವಳ ಬಾಯಿ, ಅರ್ಧ — ಬೇಡ, ಬೇರೆ ಏನಾದರೂ, ಏಪ್ರಿಲ್, ಜಕರಂದಾ ಮರಗಳು ಮುಂದಿನ ತಿಂಗಳು ನೀಲಿಯಾಗುತ್ತವೆ, ಒಡೆಸ್ಸಾ ಬೀನ್ಸ್ ಬೇಯಿಸಿರುತ್ತಾಳೆ, ಹೇಗಾಯ್ತು ಅನ್ನುತ್ತಾಳೆ, ಒಂದೇ ಟೇಕ್ ಅನ್ನಬೇಕು, ಅನ್ನಲೇಬೇಕು, ನಿಜ ತಾನೆ, ನಾಳೆ ಬೆಳಿಗ್ಗೆಯೇ ಬ್ರಾಂಟನ ಕೋಣೆಗೆ ಹೋಗಿ ಕೋಟು ತೊಟ್ಟು ನೆಟ್ಟಗೆ ನಿಂತು ನೆಟ್ಟಗೆ ಹೇಳಿದರೆ, ನೋಡಿ ಮಿಸ್ಟರ್ ಬ್ರಾಂಟ್, ಆ ದೃಶ್ಯ — ಗೋಡೆಗಳೇ ಇಲ್ಲವಲ್ಲ ಈಗ, ಅಲ್ಲಿ ನಾಯಕಿ ಕುಣಿಯುತ್ತಿರುತ್ತಾಳೆ, ಆ ಚಿತ್ರ ಎಲ್ಲಾ ಊರಿಗೂ ಹೋಗುತ್ತದೆ, ಯಾರೂ ಕತ್ತರಿ ಹಾಕುವುದಿಲ್ಲ, ಮೇಕನ್‌ಗೂ ಹೋಗುತ್ತದೆ, ಹೆಪ್ಸಿಯ ಬಾಲ್ಕನಿಗೂ, ಭಾನುವಾರದ ಪಾಠದ ಮಕ್ಕಳಿಗೂ, ಅವರೆಲ್ಲ ಅವನ ಕಣ್ಣನ್ನು ನೋಡುತ್ತಾರೆ, ನಗುತ್ತಾರೆ, ಅವಳನ್ನು ಯಾರು ನೋಡುತ್ತಾರೆ, ಅವಳು ಎಡಗಡೆಯ ಮೂಲೆಯಲ್ಲಿ ನಿಂತಿರುತ್ತಾಳೆ, ಪ್ರತಿ ಊರಿನಲ್ಲಿ, ಪ್ರತಿ ಆಟದಲ್ಲಿ, ನಿಲ್ದಾಣ ಬಂತು, ಗಂಟೆ ಹೊಡೆಯಿತು, ಇಳಿಯಬೇಕು, ಇಳೀತೀರಾ ಮಿಸ್ಟರ್ ಟಾಲಿವರ್, ಕಂಡಕ್ಟರ್ ಕೇಳುತ್ತಿದ್ದಾನೆ, ಇಳೀತೀನಿ, ಹೌದು, ನನಗೂ ಕೇಳಿಸ್ತು, ದೀಪ ಕೊಡು, ನಾನು ಇಳಿದು — ಎಷ್ಟು ಸುಲಭವಾಗಿ ಬರುತ್ತಿದೆ ಈಗ, ಎಷ್ಟು ನೆಟ್ಟಗೆ, ಯಾರಿಗೆ, ಹಿಟ್ಟು ಇಳಿಯುತ್ತಿದೆ, ಅವಳ ಬಾಯಿ ಅರ್ಧ ತೆರೆದಿದೆ, ನಾಲಗೆ ಆ ಮಾತಿನ ಮೊದಲ ಅಕ್ಷರಕ್ಕೆ ಕಾದಿದೆ, ಮುಚ್ಚಮ್ಮ, ಮುಚ್ಚಿಕೋ, ಮುಚ್ಚುವುದಿಲ್ಲ, ಹಿಟ್ಟು ಇಳಿಯುತ್ತಿದೆ, ಅವಳ ಬಾಯಿ ಅರ್ಧ ತೆರೆದಿದೆ, ಅರ್ಧ ತೆರೆದೇ ಇದೆ